ರೀಚಾರ್ಜ್ ಆಗಿದ್ದು ಐದ್ ನಿಮಿಷಕ್ಕೆ, ದುಡ್ಡು ವಾಪಸ್ ಬಂದಿದ್ದು 53 ದಿನಕ್ಕೆ

ಇದು ನಮ್ಮಪ್ಪನ ಡಿಟಿಎಚ್ ಕನೆಕ್ಷನ್ ಕಥೆ, ಕಂಪನಿ ಹೆಸರು ಬೇಡ, ತುಮಕೂರಲ್ಲಿ ಯಾವ ತಾರಸಿ ಮೇಲೆ ನೋಡಿದ್ರೂ ಅವ್ರ ಡಿಶ್ ಕಾಣತ್ತೆ. ಅಪ್ಪ ಅಮ್ಮ ಕ್ಯಾತ್ಸಂದ್ರದ ಹಳೇ ಮನೇಲಿದ್ರು. ಮಾರ್ಚ್‌ನಲ್ಲಿ ಅಪ್ಪ ವರ್ಷದ ಪ್ಯಾಕ್ ಹಾಕ್ಸಿದ್ರು, 3,600 ರೂಪಾಯಿ, ತಿಂಗಳ ಲೆಕ್ಕದಲ್ಲಿ 390, ವರ್ಷಕ್ಕೆ ಒಂದೇ ಸಲ ಕಟ್ಟಿದ್ರೆ 300 ಬೀಳತ್ತೆ ಅಂಕಲ್ ಅಂತ ರೀಚಾರ್ಜ್ ಅಂಗಡಿ ಹುಡುಗ ಹೇಳಿದ್ನಂತೆ. ಮೇ ತಿಂಗಳಲ್ಲಿ ಅಪ್ಪಂಗೆ ಮಂಡಿ ಆಪರೇಷನ್ ಆಯ್ತು, ಇಬ್ರನ್ನೇ ಬಿಡಕ್ಕಾಗಲ್ಲ ಅಂತ ಎಸ್‌ಐಟಿ ಎಕ್ಸ್‌ಟೆನ್ಷನ್‌ನಲ್ಲಿರೋ ನಮ್ಮನೆಗೆ ಕರ್ಕೊಂಡ್ ಬಂದ್ವಿ, ಆ ಮನೆ ಬಾಡಿಗೆಗೆ ಕೊಟ್ವಿ. ನಮ್ಮನೇಲಿ ಟಿವಿ ಕನೆಕ್ಷನ್ ಆಗ್ಲೇ ಇದೆ, ಬಾಡಿಗೆಯವ್ರು ಅವ್ರದ್ದೇ ಹಾಕಿಸ್ಕೊಂಡ್ರು. ಅಪ್ಪಂದು ಯಾರಿಗೂ ಬೇಡವಾಯ್ತು, ಇನ್ನೂ ಒಂಬತ್ತು ತಿಂಗಳ ದುಡ್ಡು ಅದ್ರಲ್ಲಿದೆ.

ಜೂನ್ 11ಕ್ಕೆ ಕಸ್ಟಮರ್ ಕೇರ್‌ಗೆ ಮೊದಲ್ನೇ ಫೋನ್ ಮಾಡ್ದೆ. ಕನೆಕ್ಷನ್ ತೆಗೀರಿ, ಉಳಿದ ದುಡ್ಡು ಕೊಡಿ ಅಂದೆ, ಅಷ್ಟೇ. ಆ ಹುಡುಗಿ ಹೇಳಿದ್ದು, ಮೇಡಂ ವರ್ಷದ ಪ್ಯಾಕ್‌ಗೆ ರೀಫಂಡ್ ಇರಲ್ಲ, ಬೇಕಾದ್ರೆ ನಿಮಗೆ ಒಂದು ತಿಂಗಳು ಫ್ರೀ ಕೊಡ್ತೀವಿ. ನೋಡೋರೇ ಇಲ್ದಿರೋ ಟಿವಿಗೆ ಇನ್ನೊಂದು ತಿಂಗಳು ಇಟ್ಕೊಂಡು ನಾನೇನ್ ಮಾಡ್ಲಿ? ಎರಡ್ನೇ ಸಲ ಮಾಡ್ದಾಗ ಬೇರೆಯವ್ರು, ರೀಫಂಡ್ ಆಗತ್ತೆ ಆದ್ರೆ ಬಾಕ್ಸ್ ಕಂಪನೀದು, ವಾಪಸ್ ಕೊಡ್ಬೇಕು, ಬಾಕ್ಸ್ ತಳದಲ್ಲಿರೋ ಕಾರ್ಡ್ ನಂಬರ್ ಹೇಳಿ ಅಂದ್ರು. ಆ ಸ್ಟಿಕರ್ ಎಷ್ಟೋ ವರ್ಷದಿಂದ ಬಿಸಿಗೆ ಹಳದಿ ತಿರುಗಿ ಅಂಕಿ ಎಲ್ಲಾ ಅಳಿಸ್ಹೋಗಿತ್ತು. ಅಪ್ಪ ಪಂಚಾಂಗ ಓದೋ ಭೂತಗನ್ನಡಿ ಹಿಡ್ಕೊಂಡು, ನಾನು ಮೊಬೈಲ್ ಟಾರ್ಚ್ ಬಿಟ್ಕೊಂಡು ಒಂದೊಂದೇ ಅಂಕಿ ಓದಿದ್ವಿ, ಕೊನೇದು ಮೂರೋ ಎಂಟೋ ಗೊತ್ತಾಗ್ಲಿಲ್ಲ, ಅಷ್ಟರಲ್ಲಿ ಫೋನ್ ಕಟ್ ಆಯ್ತು, ಮತ್ತೆ ಮೊದಲಿಂದ ಒಂದು ಒತ್ತಿ ಎರಡು ಒತ್ತಿ.

ಆಮೇಲೆ ಬಾಕ್ಸ್ ಇಸ್ಕೊಳ್ಳಕ್ಕೆ ಹುಡುಗನ್ನ ಕಳಿಸ್ತೀವಿ ಅಂದ್ರು, ಆದ್ರೆ ರಿಜಿಸ್ಟರ್ ಆಗಿರೋ ಅಡ್ರೆಸ್‌ಗೇ ಬರೋದಂತೆ, ಕನೆಕ್ಷನ್ ಯಾರ ಹೆಸರಲ್ಲಿದ್ಯೋ ಅವ್ರೇ ಇರ್ಬೇಕಂತೆ. ಆಪರೇಷನ್ ಆಗಿ ಎರಡು ತಿಂಗಳೂ ಆಗಿಲ್ದಿರೋ ಅಪ್ಪನ್ನ ಆಟೋಲಿ ಕ್ಯಾತ್ಸಂದ್ರಕ್ಕೆ ಕರ್ಕೊಂಡೋದೆ. ಬಾಡಿಗೆ ಕೊಟ್ಟಿರೋ ಮನೆ, ಒಳಗೆ ಹೋಗಿ ಕೂರಕ್ಕೆ ಅಪ್ಪಂಗೆ ಸಂಕೋಚ, ಬೆಳಗ್ಗೆ ಹತ್ತರಿಂದ ಒಂದೂವರೆವರ್ಗೂ ಜಗಲಿ ಮೇಲೆ ಕಾಲು ನೀಡ್ಕೊಂಡು ತೊಡೆ ಮೇಲೆ ಆ ಬಾಕ್ಸ್ ಇಟ್ಕೊಂಡು ಕೂತಿದ್ರು, ರಿಮೋಟ್‌ಗೆ ಅಮ್ಮ ಹಾಕಿದ್ದ ಪ್ಲಾಸ್ಟಿಕ್ ಕವರ್ ರಬ್ಬರ್‌ಬ್ಯಾಂಡ್ ಕೂಡ ಹಂಗೇ ಇತ್ತು. ಯಾರೂ ಬರ್ಲಿಲ್ಲ. ಸಂಜೆ ಮೆಸೇಜ್ ಬಂತು, ‘ಗ್ರಾಹಕರು ಮನೆಯಲ್ಲಿ ಇರಲಿಲ್ಲ, ದೂರು ಮುಕ್ತಾಯ’ ಅಂತ. ನಂಗೆ ದುಡ್ಡಿಗಿಂತ ಹೊಟ್ಟೆ ಉರಿದಿದ್ದು ಇದಕ್ಕೆ. ಎಪ್ಪತ್ತೆರಡು ವರ್ಷದ ಮನುಷ್ಯ ಮೂರೂವರೆ ಗಂಟೆ ಕಾದು ಕೂತಿದ್ದನ್ನ ಇರ್ಲಿಲ್ಲ ಅಂತ ಬರೆದ್ಬಿಟ್ರಲ್ಲ.

ಅಪ್ಪ ಅವತ್ತು ರಾತ್ರಿ ಹಳೇ ಕಾಲದ್ದು ಹೇಳಿದ್ರು, ಮುಂಚೆ ರೇಡಿಯೋಗೂ ಟಿವಿಗೂ ಲೈಸೆನ್ಸ್ ಇತ್ತು, ವರ್ಷ ವರ್ಷ ಪೋಸ್ಟಾಫೀಸಲ್ಲಿ ದುಡ್ಡು ಕಟ್ಟಿ ಪುಸ್ತಕಕ್ಕೆ ಮುದ್ರೆ ಹಾಕಿಸ್ಕೊಂಡು ಬರ್ಬೇಕಿತ್ತು, ಎಂಬತ್ತರ ದಶಕದಲ್ಲಿ ಸರ್ಕಾರ ಅದನ್ನ ತೆಗೀತು. ಆಗ ಏನೇ ಇದ್ರೂ ಕೌಂಟರ್‌ನಲ್ಲಿ ಒಬ್ಬ ಮನುಷ್ಯ ಕೂತಿರ್ತಿದ್ದ ಕಣಮ್ಮ, ಹೋಗಿ ಕೇಳ್ಬೋದಿತ್ತು ಅಂದ್ರು. ಈ ಕಂಪನೀದು ತುಮಕೂರಲ್ಲಿ ಹೋಗಿ ಕೇಳೋಣ ಅಂದ್ರೆ ನಂಗೆ ಒಂದು ಆಫೀಸೂ ಸಿಗ್ಲಿಲ್ಲ. ಬಿ.ಎಚ್. ರೋಡ್‌ನಲ್ಲಿ ಬೋರ್ಡ್ ಹಾಕಿರೋ ಅಂಗಡಿಗೆ ಹೋದ್ರೆ ನಾವು ಮಾರೋದಷ್ಟೇ ಅಕ್ಕ ಅಂತಾರೆ.

ಟಿವಿ, ಫೋನ್ ಕಂಪನಿಗಳ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ ಟ್ರಾಯ್‌ಗೆ ಬರೀಬೇಕು ಅಂತ ಹೊರಟೆ, ಆದ್ರೆ ಅವ್ರು ಒಬ್ಬೊಬ್ಬ ಗ್ರಾಹಕರ ದೂರು ನೋಡಲ್ಲ, ನಿಯಮ ಮಾಡೋದಷ್ಟೇ. ಕಂಪನಿಯಲ್ಲಿ ದೂರು ನೋಡ್ಕೊಳ್ಳೋ ನೋಡಲ್ ಆಫೀಸರ್‌ಗೆ ಹೋಗ್ಬೇಕು, ಆ ಇಮೇಲ್ ವೆಬ್‌ಸೈಟ್‌ನ ತೀರಾ ಕೆಳಗೆ ಸಣ್ಣಕ್ಷರದಲ್ಲಿರತ್ತೆ. ಅಲ್ಲಿ ಎಲ್ಲಾ ದೂರಿನ ನಂಬರ್ ಹಾಕಿ ಬರೆದೆ, ಜೊತೆಗೆ 1915ಕ್ಕೆ ಫೋನ್ ಮಾಡ್ದೆ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಿದ್ರು, ಸಮಾಧಾನವಾಗಿ ಕೇಳಿಸ್ಕೊಂಡ್ರು. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದವರ್ಗೂ ದೂರಿಗೆ ಫೀಸೇ ಇಲ್ಲ, ಅಲ್ಲಿಗೆ ಹೋಗ್ತೀನಿ ಅಂತ ಆ ಮೇಲ್‌ನಲ್ಲೇ ಬರೆದಿದ್ದೆ. ನಾಲ್ಕೇ ದಿನದಲ್ಲಿ ಒಬ್ಬ ಹುಡುಗ ನಮ್ಮನೆಗೇ ಬಂದು ಬಾಕ್ಸ್ ತಗೊಂಡೋದ. ಅವ್ನು ಒಳ್ಳೇವ್ನು, ಅಪ್ಪನ್ನ ಏಳಿಸ್ಲೇ ಇಲ್ಲ, ಕೂತಲ್ಲೇ ಸೈನ್ ಹಾಕಿಸ್ಕೊಂಡ.

ಆಗಸ್ಟ್ 3ಕ್ಕೆ ಅಕೌಂಟ್‌ಗೆ ಬಂದಿದ್ದು 2,180. ನನ್ನ ಲೆಕ್ಕದಲ್ಲಿ ಒಂಬತ್ತು ತಿಂಗಳಿಗೆ 2,700 ಬರ್ಬೇಕು. ಕೇಳಿದ್ರೆ ನೋಡಿರೋ ಮೂರು ತಿಂಗಳಿಗೆ 300 ಅಲ್ಲ, 390 ಹಿಡ್ಕೊಂಡಿದ್ದಾರೆ, ಮೇಲೆ ವಿಸಿಟಿಂಗ್ ಚಾರ್ಜ್ ಅಂತ 250. ದುಡ್ಡು ಕಟ್ಟಿಸ್ಕೊಳ್ಳೋವಾಗ ಇದನ್ನ ಯಾರೂ ಅಪ್ಪಂಗೆ ಹೇಳಿರ್ಲಿಲ್ಲ.

ಚಾನೆಲ್ ಕ್ವಾಲಿಟಿ ಬಗ್ಗೆ ನಂದೇನೂ ತಕರಾರಿಲ್ಲ, ಮಳೇಲೂ ಚೆನ್ನಾಗೇ ಬರ್ತಿತ್ತು. ಆದ್ರೂ ಒಂದೇ ಸ್ಟಾರ್, ಅದೂ ಆ ಬಾಕ್ಸ್ ಹುಡುಗನಿಗೆ. ಮನೇಲಿ ವಯಸ್ಸಾದವ್ರಿದ್ರೆ ತಿಂಗಳು ತಿಂಗಳೇ ಹಾಕ್ಸಿ, 90 ರೂಪಾಯಿ ಜಾಸ್ತಿ ಹೋದ್ರೂ ಪರ್ವಾಗಿಲ್ಲ. ಉಳಿದ 520ಕ್ಕೆ ನೋಡಲ್ ಆಫೀಸರ್‌ಗೆ ಮತ್ತೆ ಮೇಲ್ ಹಾಕಿದೀನಿ. ಅಪ್ಪ ಬಿಟ್ಟಾಕು ಅಂತಾರೆ, ನಾನು ಬಿಡಲ್ಲ. ಕ್ಯಾತ್ಸಂದ್ರದ ತಾರಸಿ ಮೇಲಿರೋ ಡಿಶ್ ಬಿಚ್ಕೊಂಡೋಗಕ್ಕೆ ಇನ್ನೂ ಯಾರೂ ಬಂದಿಲ್ಲ.