ಎಸ್‌ಎಂಪಿಎಸ್ ಡಬ್ಬದ ಮೇಲಿನ ‘550 ವ್ಯಾಟ್’ ನಂಬಿ ಗ್ರಾಫಿಕ್ಸ್ ಕಾರ್ಡ್ ಹಾಕಿಸುವ ಮುನ್ನ

ಹಾಸನದಲ್ಲಾಗಲಿ, ಸಕಲೇಶಪುರ, ಬೇಲೂರು, ಅರಸೀಕೆರೆ ಕಡೆಯಲ್ಲಾಗಲಿ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಲು ಹೊರಟಿರುವವರು, ಅದರಲ್ಲೂ ನನ್ನಂತೆ ಮದುವೆ ವಿಡಿಯೊ ಎಡಿಟಿಂಗ್ ಮಾಡಿ ಬದುಕುವವರು, ಹಣ ಕೊಡುವ ಮೊದಲು ಇದನ್ನು ಓದಬೇಕೆಂದು ಕೋರುತ್ತೇನೆ. ಕಾರ್ಡಿನ ಜೊತೆಗೆ ‘ಕಾಂಬೊ’ ಎಂದು ಅಂಗಡಿಯವರೇ ಆರಿಸಿ ಕೂಡಿಸಿಕೊಟ್ಟ, ಗೋಡೆಯ ಕರೆಂಟನ್ನು ಕಂಪ್ಯೂಟರಿನ ಭಾಗಗಳಿಗೆ ಬೇಕಾದಂತೆ ಬದಲಿಸಿ ಹಂಚುವ ಡಬ್ಬವಾದ ಎಸ್‌ಎಂಪಿಎಸ್ ನಮ್ಮ ಸ್ಟುಡಿಯೊದ ಮದರ್‌ಬೋರ್ಡನ್ನೂ ಒಂದು ಹಾರ್ಡ್ ಡಿಸ್ಕನ್ನೂ ಸುಟ್ಟುಹಾಕಿತು. ಅದು ಹೇಗಾಯಿತು ಎಂಬುದನ್ನು ಲೆಕ್ಕದ ಸಮೇತ ಬರೆಯುತ್ತಿದ್ದೇನೆ, ಏಕೆಂದರೆ ಆ ಲೆಕ್ಕವನ್ನು ಅಂಗಡಿಯ ಕೌಂಟರಿನಲ್ಲಿ ನಿಂತುಕೊಂಡೇ ಯಾರು ಬೇಕಾದರೂ ಮಾಡಬಹುದು.

ಮದುವೆಗಳಿಲ್ಲದ ಆಷಾಢದಲ್ಲಿ ಯಂತ್ರವನ್ನು ಸಿದ್ಧಪಡಿಸಿಕೊಂಡರೆ ಶ್ರಾವಣದ ಮುಹೂರ್ತಗಳು ಶುರುವಾಗುವಾಗ ನಿಶ್ಚಿಂತೆಯಿಂದ ಇರಬಹುದೆಂದು ಆ ಸಮಯದಲ್ಲೇ ಅಪ್‌ಗ್ರೇಡ್ ಮಾಡಿಸಿದೆವು. ಕಂಪ್ಯೂಟರಿನಲ್ಲಿ ಇದ್ದದ್ದು ಇಂಟೆಲ್ ಐ5-12400 ಪ್ರೊಸೆಸರ್. ಅದಕ್ಕೆ 12 ಜಿಬಿ ಮೆಮೊರಿಯ ಆರ್‌ಟಿಎಕ್ಸ್ 3060 ಕಾರ್ಡ್ ಹಾಕಿಸುವುದೆಂದು ತೀರ್ಮಾನಿಸಿದ್ದೆವು. ಕಾರ್ಡಿನ ಆಯ್ಕೆಯ ಬಗ್ಗೆ ನನಗೆ ಈಗಲೂ ತಕರಾರಿಲ್ಲ. ಡಾವಿಂಚಿ ರಿಸಾಲ್ವ್‌ನಂತಹ ತಂತ್ರಾಂಶದಲ್ಲಿ 4ಕೆ ದೃಶ್ಯಗಳಿಗೆ ಚಿತ್ರದ ಕಾಳುಕಾಳನ್ನು ತೆಗೆಯುವ ನಾಯ್ಸ್ ರಿಡಕ್ಷನ್ ಹಾಕಿದರೆ ಕಾರ್ಡಿನ ಮೆಮೊರಿ ಬೇಗ ತುಂಬುವುದರಿಂದ ಅದು ಹೆಚ್ಚಿದ್ದಷ್ಟೂ ಒಳ್ಳೆಯದು. ಹಳೆಯ ಎಸ್‌ಎಂಪಿಎಸ್ ಸಾಲದು, ಕಾರ್ಡಿಗೆ ಹೊಂದುವ ಗಟ್ಟಿಯಾದದ್ದನ್ನೇ ಕೊಡಿ, ಬೆಲೆ ಹೆಚ್ಚಾದರೂ ಅಡ್ಡಿಯಿಲ್ಲ ಎಂದು ಸ್ಪಷ್ಟವಾಗಿ ಹೇಳಿದ್ದೆ. “ಐನೂರೈವತ್ತು ವ್ಯಾಟ್ ಹಾಕ್ತಿದ್ದೀನಿ ಸಾರ್, ಕಂಪನಿಯವರೇ ಅಷ್ಟು ಹೇಳಿರೋದು, ಏನೂ ಯೋಚನೆ ಮಾಡ್ಬೇಡಿ” ಎಂದರು. ಎನ್‌ವಿಡಿಯಾ ಕಂಪನಿ 3060 ಕಾರ್ಡಿಗೆ 550 ವ್ಯಾಟಿನ ಎಸ್‌ಎಂಪಿಎಸ್ ಸೂಚಿಸಿರುವುದು ನಿಜ. ಅರ್ಧ ಸತ್ಯ ಹೇಳಿ ಮಾರುವುದು ಎಷ್ಟು ಸುಲಭ ಎಂಬುದು ಆಮೇಲೆ ತಿಳಿಯಿತು.

ಅಂಗಡಿಯಲ್ಲಿ ಆನ್ ಮಾಡಿ ತೋರಿಸಿದಾಗ ಎಲ್ಲವೂ ಚೆನ್ನಾಗಿತ್ತು. ವಿಂಡೋಸ್ ಪರದೆ ತೆರೆದು ಎರಡು ವಿಡಿಯೊ ಓಡಿಸಿದರೆ ಯಾವ ಎಸ್‌ಎಂಪಿಎಸ್ಸಿನ ಬಣ್ಣವೂ ಬಯಲಾಗುವುದಿಲ್ಲ, ಏಕೆಂದರೆ ಹೆಚ್ಚು ಕೆಲಸವಿಲ್ಲದಿರುವಾಗ ಈ ಕಾರ್ಡ್ ಎಳೆಯುವ ವಿದ್ಯುತ್ತು ತೀರಾ ಅಲ್ಪ. ಶ್ರಾವಣ ಬಂದು ದೊಡ್ಡ ಪ್ರಾಜೆಕ್ಟುಗಳನ್ನು, ಎಡಿಟ್ ಮಾಡಿದ್ದನ್ನು ಅಂತಿಮ ವಿಡಿಯೊ ಆಗಿಸುವ ರೆಂಡರ್‌ಗೆ ಹಾಕತೊಡಗಿದ ಮೇಲೆ ಕಂಪ್ಯೂಟರ್ ನಡುವೆ ಒಮ್ಮೆಲೇ ಆಫ್ ಆಗುವುದು ಶುರುವಾಯಿತು. ನೀಲಿ ಪರದೆಯಿಲ್ಲ, ದೋಷದ ಸಂದೇಶವಿಲ್ಲ. ಪ್ಲಗ್ ಕಿತ್ತ ಹಾಗೆ ಸುಮ್ಮನೆ ಆರಿಹೋಗುತ್ತಿತ್ತು. ಪ್ರೊಸೆಸರ್ ಮತ್ತು ಕಾರ್ಡ್ ಎರಡೂ ಏಕಕಾಲಕ್ಕೆ ದುಡಿಯುವ ಹೊತ್ತಿನಲ್ಲಿ ಮಾತ್ರ ಹೀಗಾದರೆ ಮೊದಲ ಅನುಮಾನ ಎಸ್‌ಎಂಪಿಎಸ್ ಮೇಲೆ ಹೋಗಬೇಕು. ಅಂಗಡಿಯವರ ಅನುಮಾನ ಮಾತ್ರ ಬೇರೆಲ್ಲದರ ಮೇಲೂ ಹೋಯಿತು: ಮೊದಲು ವಿಂಡೋಸ್ ಕೆಟ್ಟಿದೆ ಎಂದರು, ಆಮೇಲೆ ನಿಮ್ಮ ಬೀದಿಯಲ್ಲಿ ಸೆಸ್ಕ್‌ನವರ ಕರೆಂಟು ಸರಿಯಿಲ್ಲ ಎಂದರು, ಕೊನೆಗೆ ಯುಪಿಎಸ್ ಹಳೆಯದಾಗಿದೆ ಎಂದು ಹೊಸದೊಂದನ್ನು ಮಾರಲು ನೋಡಿದರು.

ಮಳೆಗಾಲದಲ್ಲಿ ಮಲೆನಾಡಿನ ಅಂಚಿನ ಊರುಗಳಲ್ಲಿ ಕರೆಂಟಿನ ಪಾಡು ಎಲ್ಲರಿಗೂ ಗೊತ್ತಿರುವುದರಿಂದ ಆ ಮಾತು ನಂಬುವಂತೆಯೇ ಕೇಳಿಸುತ್ತದೆ. ಆದರೆ ವೋಲ್ಟೇಜ್ ಏರಿಳಿತವೇ ಕಾರಣವಾಗಿದ್ದರೆ ಆರುವುದಕ್ಕೆ ರೆಂಡರ್‌ನ ಹೊತ್ತೇ ಬೇಕಾಗಿರಲಿಲ್ಲ. ಯುಪಿಎಸ್ ವಿಷಯದಲ್ಲಿ ಒಂದು ಮಾತು ನಿಜವಿದೆ: ಪೆಟ್ಟಿಗೆಯ ಮೇಲೆ 600 ವಿಎ ಎಂದಿರುವ ಸಾಮಾನ್ಯ ಯುಪಿಎಸ್ ಕೊಡುವುದು ಹೆಚ್ಚಾಗಿ 360 ವ್ಯಾಟ್ ಮಾತ್ರ, ಆದ್ದರಿಂದ ಕಾರ್ಡ್ ಹಾಕಿಸಿದ ಮೇಲೆ ಮಾನಿಟರನ್ನೂ ಸೇರಿಸಿಕೊಂಡು ಅದರ ಲೆಕ್ಕವನ್ನೂ ಮತ್ತೆ ನೋಡಬೇಕಾಗುತ್ತದೆ. ನಮ್ಮ ಯಂತ್ರ ಮಾತ್ರ ಯುಪಿಎಸ್ ತಪ್ಪಿಸಿ ನೇರವಾಗಿ ಗೋಡೆಯ ಪ್ಲಗ್ಗಿಗೆ ಹಾಕಿದಾಗಲೂ ಆರುತ್ತಿತ್ತು.

ಕಡೆಗೊಮ್ಮೆ ರಾತ್ರಿ ರೆಂಡರ್ ನಡೆಯುತ್ತಿದ್ದಾಗ ಸದ್ದಿನೊಂದಿಗೆ ಹೊಗೆ ಬಂದು ಎಲ್ಲವೂ ನಿಂತುಹೋಯಿತು. ಬೇರೊಬ್ಬ ಟೆಕ್ನಿಷಿಯನ್ ಬಂದು ಎಸ್‌ಎಂಪಿಎಸ್ ಹೊರತೆಗೆದ ಮೇಲೆ ಅದರ ಲೇಬಲ್ ಮೊದಲ ಬಾರಿಗೆ ಕಣ್ಣಿಗೆ ಬಿತ್ತು. ಅಂಗಡಿಯವರು ಕೂಡಿಸಿದ್ದಾಗ ಅದು ಕ್ಯಾಬಿನೆಟ್ಟಿನ ತಗಡಿನ ಕಡೆಗೆ ತಿರುಗಿತ್ತು. ದೊಡ್ಡಕ್ಷರದಲ್ಲಿ 550 ವ್ಯಾಟ್. ಕೆಳಗಿನ ಸಣ್ಣ ಕೋಷ್ಟಕದಲ್ಲಿ 12 ವೋಲ್ಟ್ ಎಂಬ ಅಂಕಣದಡಿ 18 ಆಂಪಿಯರ್.

ಇಡೀ ವಿಷಯ ಇರುವುದು ಈ ಸಣ್ಣ ಕೋಷ್ಟಕದಲ್ಲೇ. ಎಸ್‌ಎಂಪಿಎಸ್ 3.3 ವೋಲ್ಟ್, 5 ವೋಲ್ಟ್ ಮತ್ತು 12 ವೋಲ್ಟ್ ಎಂಬ ಬೇರೆ ಬೇರೆ ಲೈನುಗಳಲ್ಲಿ ವಿದ್ಯುತ್ತು ಕೊಡುತ್ತದೆ. ಬಹಳ ಹಿಂದಿನ ಕಂಪ್ಯೂಟರುಗಳಲ್ಲಿ ಪ್ರೊಸೆಸರ್ 5 ವೋಲ್ಟಿನ ಲೈನನ್ನು ಅವಲಂಬಿಸಿತ್ತು. ಇಂದಿನ ಪ್ರೊಸೆಸರಾಗಲಿ ಗ್ರಾಫಿಕ್ಸ್ ಕಾರ್ಡಾಗಲಿ ತಮ್ಮ ಶಕ್ತಿಯನ್ನು ಬಹುಪಾಲು 12 ವೋಲ್ಟಿನ ಲೈನಿನಿಂದಲೇ ಎಳೆಯುತ್ತವೆ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ. 12ನ್ನು 18ರಿಂದ ಗುಣಿಸಿದರೆ 216. ಅಂದರೆ ನಮಗೆ ನಿಜವಾಗಿ ಬೇಕಾಗಿದ್ದ ಲೈನಿನಲ್ಲಿ ಆ ‘550 ವ್ಯಾಟ್’ ಡಬ್ಬ ಕೊಡಬಲ್ಲದೆಂದು ತಾನೇ ಬರೆದುಕೊಂಡಿದ್ದದ್ದು 216 ವ್ಯಾಟ್, ಅದೂ ಬರೆದದ್ದೆಲ್ಲ ನಿಜವೆಂದು ಒಪ್ಪಿಕೊಂಡರೆ. 3060 ಕಾರ್ಡಿನ ಬಳಕೆ 170 ವ್ಯಾಟ್. ಐ5-12400 ಪ್ರೊಸೆಸರ್ ಪೂರ್ಣ ವೇಗದಲ್ಲಿ 117 ವ್ಯಾಟ್‌ವರೆಗೆ ಹೋಗುತ್ತದೆ. ಇವೆರಡೇ 287. ಫ್ಯಾನು, ಹಾರ್ಡ್ ಡಿಸ್ಕುಗಳನ್ನು ಇನ್ನೂ ಸೇರಿಸಿಲ್ಲ. ಒಳ್ಳೆಯ 550 ವ್ಯಾಟಿನ ಎಸ್‌ಎಂಪಿಎಸ್ ತೆಗೆದು ನೋಡಿದರೆ 12 ವೋಲ್ಟಿನ ಅಂಕಣದಲ್ಲಿ 45 ಆಂಪಿಯರಿನ ಆಸುಪಾಸಿನ ಸಂಖ್ಯೆ ಇರುತ್ತದೆ, ಅಂದರೆ ಸುಮಾರು 540 ವ್ಯಾಟ್ ಆ ಒಂದೇ ಲೈನಿನಲ್ಲಿ ಸಿಗುತ್ತದೆ. ಎರಡೂ ಡಬ್ಬಗಳ ಮೇಲೆ ಬರೆದಿರುವುದು 550 ಎಂದೇ.

ಇದಕ್ಕಿಂತ ನನಗೆ ಹೆಚ್ಚು ಸಿಟ್ಟು ತರಿಸಿದ್ದು ಕೇಬಲ್. ಗ್ರಾಫಿಕ್ಸ್ ಕಾರ್ಡಿಗೆ ಮದರ್‌ಬೋರ್ಡಿನ ಸ್ಲಾಟಿನಿಂದ ಗರಿಷ್ಠ 75 ವ್ಯಾಟ್ ಸಿಗುತ್ತದೆ. ಅದರ ಮೇಲೆ 6 ಪಿನ್ನಿನ ಕೇಬಲ್ 75 ವ್ಯಾಟ್, 8 ಪಿನ್ನಿನ ಕೇಬಲ್ 150 ವ್ಯಾಟ್ ಕೊಡಬೇಕೆಂಬುದು ನಿಯಮ. ನಮ್ಮ ಕಾರ್ಡಿನಲ್ಲಿದ್ದದ್ದು 8 ಪಿನ್ನಿನ ಸಾಕೆಟ್. ಅಂಗಡಿಯವರು ಕೊಟ್ಟ ಎಸ್‌ಎಂಪಿಎಸ್ಸಿನಲ್ಲಿ ಅಂತಹ ಕೇಬಲ್ ಇರಲೇ ಇಲ್ಲವಾದ್ದರಿಂದ ಹಳೆಯ ಕಾಲದ ನಾಲ್ಕು ಪಿನ್ನಿನ ಮೊಲೆಕ್ಸ್ ಕನೆಕ್ಟರುಗಳೆರಡನ್ನು ಸೇರಿಸುವ ಅಡಾಪ್ಟರ್ ಹಾಕಿ ಕೆಲಸ ಮುಗಿಸಿದ್ದರು. 8 ಪಿನ್ನಿನ ಸಾಕೆಟ್ಟಿನಲ್ಲಿ ವಿದ್ಯುತ್ತು ತರುವ ತಂತಿಗಳು ಮೂರೇ. ಉಳಿದವುಗಳಲ್ಲಿ ಎರಡು, ಯಾವ ಬಗೆಯ ಕೇಬಲ್ ಬಂದಿದೆ ಎಂದು ಕಾರ್ಡಿಗೆ ತಿಳಿಸುವುದಕ್ಕಾಗಿ ಇರುವಂಥವು. ಅಡಾಪ್ಟರ್ ಆ ಎರಡನ್ನೂ ಜೋಡಿಸಿಬಿಡುವುದರಿಂದ, ಹಿಂದಿರುವ ತಂತಿ ಎಷ್ಟೇ ತೆಳುವಾಗಿದ್ದರೂ, ಕಾರ್ಡ್ ತನಗೆ 150 ವ್ಯಾಟಿನ ಅನುಮತಿ ಇದೆಯೆಂದೇ ಭಾವಿಸಿ ಎಳೆಯುತ್ತದೆ. ತೋಟದಲ್ಲಿ ಒಂದು ಎಚ್‌ಪಿ ಮೋಟರಿಗೆಂದು ಎಳೆದ ವೈರಿಗೆ ಐದು ಎಚ್‌ಪಿ ಮೋಟರ್ ಕಟ್ಟಿದಂತೆ ಇದು. ಹಾರ್ಡ್ ಡಿಸ್ಕಿಗೆ ಹೋಗುವ ಸಾಟಾ ಕನೆಕ್ಟರಿನಿಂದ ಮಾಡುವ ಅಡಾಪ್ಟರ್ ಇನ್ನೂ ಅಪಾಯಕಾರಿ, ಏಕೆಂದರೆ ಅದರ 12 ವೋಲ್ಟಿನ ಮಿತಿ ಕೇವಲ 54 ವ್ಯಾಟ್. ಎಸ್‌ಎಂಪಿಎಸ್ಸಿನಿಂದಲೇ ಹೊರಟು ಬರುವ, ಕಾರ್ಡಿನ ಸಾಕೆಟ್ಟಿಗೆ ನೇರವಾಗಿ ಕೂರುವ ಕೇಬಲ್ ಇಲ್ಲವೆಂದರೆ ಆ ಎಸ್‌ಎಂಪಿಎಸ್ ಆ ಕಾರ್ಡಿಗಾಗಿ ಮಾಡಿದ್ದಲ್ಲ. ವ್ಯಾಟಿನ ಚರ್ಚೆ ಅಲ್ಲಿಗೇ ಮುಗಿಯಬೇಕು.

ಓವರ್‌ಲೋಡ್ ಆದರೆ ಆಫ್ ಆಗಿ ಸುಮ್ಮನಾಗಬೇಕಾದದ್ದು ಎಸ್‌ಎಂಪಿಎಸ್ಸಿನ ಧರ್ಮ. ಹೆಚ್ಚಿನ ಕರೆಂಟು, ಹೆಚ್ಚಿನ ವೋಲ್ಟೇಜು, ಶಾರ್ಟ್ ಸರ್ಕ್ಯೂಟು, ವಿಪರೀತ ಬಿಸಿ ಇವುಗಳಿಂದ ಕಾಪಾಡುವ ಸರ್ಕ್ಯೂಟುಗಳು ಒಳ್ಳೆಯದರಲ್ಲಿ ಇರುತ್ತವೆ. ಅಗ್ಗದ್ದರಲ್ಲಿ ಅವನ್ನು ಬಿಟ್ಟು ಹಣ ಉಳಿಸಿರುತ್ತಾರೆ. ನಮ್ಮದು ಸಾಯುವಾಗ ಮದರ್‌ಬೋರ್ಡನ್ನೂ ಹಾರ್ಡ್ ಡಿಸ್ಕಿನ ಸರ್ಕ್ಯೂಟ್ ಬೋರ್ಡನ್ನೂ ಜೊತೆಗೆ ಕರೆದೊಯ್ದದ್ದು ಹೀಗೆ. ಕ್ಯಾಮೆರಾದ ಮೂಲ ದೃಶ್ಯಗಳ ಪ್ರತಿ ಬೇರೊಂದು ಡ್ರೈವಿನಲ್ಲಿ ಇತ್ತು; ಎಡಿಟ್ ಮಾಡಿ ಮುಗಿಸಿದ್ದ ಕೆಲಸವನ್ನು ಮಾತ್ರ ಮೊದಲಿನಿಂದ ಮಾಡಬೇಕಾಯಿತು. ಗ್ರಾಹಕರಿಗೆ ಹೇಳಿದ ದಿನಾಂಕಗಳೆಲ್ಲ ಮುಂದೆ ಹೋದವು.

ಕಾರ್ಡಿನ ಕಥೆ ಬೇರೆಯೇ. ಅದನ್ನು ಪರೀಕ್ಷೆಗೆಂದು ಬೆಂಗಳೂರಿನ ಸರ್ವೀಸ್ ಸೆಂಟರಿಗೆ ಕಳಿಸಿದಾಗ, ಪೆಟ್ಟಿಗೆಯ ಮೇಲಿನ ಸೀರಿಯಲ್ ನಂಬರಿಗೂ ಕಾರ್ಡಿನ ಹಿಂಬದಿಯ ನಂಬರಿಗೂ ಹೊಂದಿಕೆಯಿಲ್ಲ, ವಾರಂಟಿ ಸಿಗುವುದಿಲ್ಲ ಎಂಬ ಉತ್ತರ ಬಂತು. ಕೂಡಿಸುವ ಕೆಲಸವೆಲ್ಲ ಅಂಗಡಿಯ ಒಳಕೋಣೆಯಲ್ಲಿ ನಡೆದಿತ್ತು. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಎಂಬ ಡಿಜಿಟಲ್ ನಾಣ್ಯದ ವ್ಯವಸ್ಥೆ ಬದಲಾಗಿ ಗ್ರಾಫಿಕ್ಸ್ ಕಾರ್ಡುಗಳಿಂದ ಅದನ್ನು ಗಳಿಸುವ ಮೈನಿಂಗ್ ನಿಂತ ಮೇಲೆ, ಹಗಲಿರುಳು ದುಡಿದ ಕಾರ್ಡುಗಳು ರಾಶಿರಾಶಿಯಾಗಿ ಮಾರುಕಟ್ಟೆಗೆ ಬಂದವು. ಅವುಗಳನ್ನು ಹಳೆಯದೆಂದು ಹೇಳಿ, ಹಳೆಯದರ ಬೆಲೆಗೆ ಮಾರಿದರೆ ಯಾರೂ ದೂರುವುದಿಲ್ಲ. ನಮ್ಮದು ಅಂಥದ್ದೇ ಎಂದು ಸಾಧಿಸಲು ನನ್ನ ಬಳಿ ಪುರಾವೆಯಿಲ್ಲ. ಆದರೆ ಸ್ಕ್ರೂಗಳ ತಲೆ ಸವೆದಿತ್ತು, ಹೀಟ್‌ಸಿಂಕಿನ ಅಂಚಿನಲ್ಲಿ ಎಣ್ಣೆಯ ಜಿಡ್ಡು ಇತ್ತು. ಹೊಸ ಕಾರ್ಡಿನಲ್ಲಿ ಇವೆರಡೂ ಇರಬಾರದು.

ಒಂದೇ ಹೆಸರಿನಲ್ಲಿ ಎರಡು ಬಗೆಯ ಮಾಲು ಬರುವುದನ್ನೂ ಗಮನಿಸಬೇಕು. 3060 ಕಾರ್ಡೇ 12 ಜಿಬಿ ಮತ್ತು 8 ಜಿಬಿ ಎಂದು ಎರಡು ರೂಪಗಳಲ್ಲಿದೆ. 8 ಜಿಬಿಯದರಲ್ಲಿ ಮೆಮೊರಿಯ ದಾರಿ 192 ಬಿಟ್‌ನಿಂದ 128 ಬಿಟ್‌ಗೆ ಇಳಿದಿರುವುದರಿಂದ ವೇಗವೂ ಕಡಿಮೆ. ಜಿಟಿ 1030 ಕಾರ್ಡಿನ ಡಿಡಿಆರ್4 ಮತ್ತು ಜಿಡಿಡಿಆರ್5 ರೂಪಗಳ ನಡುವೆ ಮೆಮೊರಿಯ ವೇಗದಲ್ಲಿ ಹೆಚ್ಚುಕಡಿಮೆ ಮೂರು ಪಟ್ಟು ಅಂತರವಿದೆ, ಹೆಸರು ಮಾತ್ರ ಒಂದೇ. ಹಳೆಯ ಕಾರ್ಡಿನೊಳಗಿನ ಮೂಲ ತಂತ್ರಾಂಶವಾದ ಬಯಾಸ್ ತಿದ್ದಿ ಹೊಸ ಹೆಸರು ತೋರಿಸುವ ನಕಲಿಗಳೂ ಇವೆ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಅಂತಹ ಹಲವನ್ನು ಗುರುತಿಸಿ ನಕಲಿಯೆಂದು ತೋರಿಸುತ್ತದೆ. ಅದನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡೇ ಅಂಗಡಿಗೆ ಹೋಗಬಹುದು. ಅದರ ಜೊತೆಗೆ ಫರ್‌ಮಾರ್ಕ್ ಅಥವಾ ಒಸಿಸಿಟಿಯಂತಹ ಲೋಡ್ ಪರೀಕ್ಷೆಯ ತಂತ್ರಾಂಶವೂ ಇರಲಿ. ಅರ್ಧ ಗಂಟೆ ಪೂರ್ಣ ಲೋಡಿನಲ್ಲಿ ಓಡಿಸಿ ತೋರಿಸಲು ಒಪ್ಪದ ಅಂಗಡಿಯಲ್ಲಿ ಕೊಳ್ಳದಿರುವುದೇ ಲೇಸು.

ಕಚೇರಿಗಳಿಂದ ಬಂದ ಸೆಕೆಂಡ್ ಹ್ಯಾಂಡ್ ಬ್ರಾಂಡೆಡ್ ಕಂಪ್ಯೂಟರ್ ಇಟ್ಟುಕೊಂಡಿರುವವರ ಪರಿಸ್ಥಿತಿ ಬೇರೆ. ಅವುಗಳ ಎಸ್‌ಎಂಪಿಎಸ್ ಸಣ್ಣದು. ಎಷ್ಟೋ ಮಾದರಿಗಳಲ್ಲಿ ಆಕಾರವೂ ಕನೆಕ್ಟರುಗಳೂ ಕಂಪನಿಯವರದೇ ಆಗಿರುವುದರಿಂದ ಮಾರುಕಟ್ಟೆಯ ಎಸ್‌ಎಂಪಿಎಸ್ ಕೂರುವುದಿಲ್ಲ. ಅಂಥವರಿಗೆ 70 ವ್ಯಾಟಿನ ಆರ್‌ಟಿಎಕ್ಸ್ 3050ರ 6 ಜಿಬಿ ರೂಪದಂತೆ ಸ್ಲಾಟಿನ ವಿದ್ಯುತ್ತಿನಲ್ಲೇ ನಡೆಯುವ ಕಾರ್ಡ್ ಸೂಕ್ತವೆಂದು ನನ್ನ ಅಭಿಪ್ರಾಯ. ಅದೇ 3050ರ 8 ಜಿಬಿ ರೂಪಕ್ಕೆ 130 ವ್ಯಾಟ್ ಬೇಕು. 115 ವ್ಯಾಟಿನ 4060 ಕಾರ್ಡ್ ಕೂಡ ಒಳ್ಳೆಯದೇ, ಆದರೆ ಅದರ ಮೆಮೊರಿ 8 ಜಿಬಿ.

‘80 ಪ್ಲಸ್’ ಎಂಬ ದಕ್ಷತೆಯ ಗುರುತಿನ ಬಗ್ಗೆಯೂ ಅಂಗಡಿಗಳಲ್ಲಿ ತಪ್ಪು ಹೇಳುತ್ತಾರೆ. 500 ವ್ಯಾಟಿನ ಬ್ರಾಂಜ್ (ಆ ಗುರುತಿನ ಒಂದು ದರ್ಜೆ) ಎಂದರೆ ಅದು 85 ಶೇಕಡದಂತೆ 425 ವ್ಯಾಟ್ ಮಾತ್ರ ಕೊಡುತ್ತದೆ ಎಂದಲ್ಲ. ಅದು 500 ವ್ಯಾಟನ್ನೇ ಕೊಡುತ್ತದೆ, ಗೋಡೆಯಿಂದ ಅದಕ್ಕಿಂತ ಹೆಚ್ಚು ಎಳೆಯುತ್ತದೆ ಅಷ್ಟೇ. ಗುರುತು ಸೂಚಿಸುವುದು ದಕ್ಷತೆಯನ್ನೇ ಹೊರತು ಒಟ್ಟಾರೆ ಗುಣಮಟ್ಟವನ್ನಲ್ಲ. ಆದರೂ ನಿಜವಾದ ಗುರುತು ಪಡೆಯಲು ಕನಿಷ್ಠ ಪರೀಕ್ಷೆಯನ್ನಾದರೂ ದಾಟಿರಬೇಕಾದ್ದರಿಂದ ಅದಿಲ್ಲದ ಡಬ್ಬವನ್ನು ನಾನು ಇನ್ನು ಮುಟ್ಟುವುದಿಲ್ಲ. ಈಗ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿ ಹಾಕಿರುವುದು ಬ್ರಾಂಜ್ ಗುರುತಿನ 650 ವ್ಯಾಟಿನದು. ಹೊಸದನ್ನು ಹಾಕಿಸುವಾಗ ಕೇಬಲ್‌ಗಳನ್ನೂ ಅದರದೇ ಹಾಕಿಸಬೇಕು: ಬಿಚ್ಚಿ ಸಿಕ್ಕಿಸುವ ಮಾಡ್ಯುಲರ್ ಕೇಬಲ್‌ಗಳಲ್ಲಿ ಎಸ್‌ಎಂಪಿಎಸ್ ಕಡೆಯ ಪಿನ್ನುಗಳ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆಯಾಗಿರುತ್ತದೆ. ಹಳೆಯ ಕೇಬಲ್ ಅಲ್ಲಿ ಸಲೀಸಾಗಿ ಕೂತರೂ, ಆನ್ ಮಾಡಿದ ಕ್ಷಣವೇ ಏನಾದರೂ ಸುಡಬಹುದು.

ಬಿಲ್ಲಿನಲ್ಲಿ ‘ಗ್ರಾಫಿಕ್ಸ್ ಕಾರ್ಡ್ 1, ಎಸ್‌ಎಂಪಿಎಸ್ 1’ ಎಂದು ಬರೆದುಕೊಟ್ಟರೆ ಒಪ್ಪಬಾರದು. ಕಂಪನಿ, ಪೂರ್ಣ ಮಾದರಿ, ಸೀರಿಯಲ್ ನಂಬರ್ ಮೂರೂ ಜಿಎಸ್‌ಟಿ ಬಿಲ್ಲಿನಲ್ಲಿ ಇರಬೇಕು. ಪೆಟ್ಟಿಗೆಯನ್ನು ನಿಮ್ಮೆದುರೇ ತೆರೆಸಿ, ಲೇಬಲ್ ಮತ್ತು ನಂಬರುಗಳ ಫೋಟೊ ತೆಗೆದುಕೊಳ್ಳಬೇಕು. ನಮ್ಮ ಬಿಲ್ಲಿನಲ್ಲಿ ಸೀರಿಯಲ್ ನಂಬರುಗಳು ಇದ್ದದ್ದರಿಂದಲೇ ಮುಂದಿನ ಹೆಜ್ಜೆ ಇಡಲು ಸಾಧ್ಯವಾಯಿತು. “ಬರ್ನ್ ಆಗಿದ್ದಕ್ಕೆ ವಾರಂಟಿ ಬರಲ್ಲ ಸಾರ್” ಎಂದು ಕೈಚೆಲ್ಲಿದ ಅಂಗಡಿಯವರು, ನೋಟಿಸ್ ತಲುಪಿದ ಮೇಲೆ ಎಸ್‌ಎಂಪಿಎಸ್ಸಿನ ಹಣವನ್ನು ಮಾತ್ರ ಹಿಂದಿರುಗಿಸಿದರು. ಮದರ್‌ಬೋರ್ಡ್, ಹಾರ್ಡ್ ಡಿಸ್ಕ್ ಮತ್ತು ಕಾರ್ಡಿನ ಬಗ್ಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದೇನೆ. ಅದು ಇನ್ನೂ ವಿಚಾರಣೆಯಲ್ಲಿರುವ ಕಾರಣ ಅಂಗಡಿಯ ಹೆಸರನ್ನು ಇಲ್ಲಿ ಬರೆದಿಲ್ಲ.

ದೂರು ಕೊಡುವ ಯೋಚನೆಯಿರುವ ಸ್ಟುಡಿಯೊದವರು, ಸೈಬರ್ ಸೆಂಟರಿನವರು ಒಂದು ಸಂಗತಿಯನ್ನು ಮೊದಲೇ ತಿಳಿದಿರಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ವಾಣಿಜ್ಯ ಉದ್ದೇಶಕ್ಕೆ ಕೊಂಡ ವಸ್ತುವಿಗೆ ಗ್ರಾಹಕನೆಂಬ ರಕ್ಷಣೆ ಸಿಗುವುದಿಲ್ಲ, ಮತ್ತು ಎದುರು ಪಕ್ಷದವರು ಮೊದಲು ಹಿಡಿಯುವ ತಕರಾರೂ ಅದೇ. ಆದರೆ ಸ್ವಯಂ ಉದ್ಯೋಗದಿಂದ ಜೀವನೋಪಾಯ ನಡೆಸಲೆಂದೇ ಕೊಂಡು ತಾನೇ ಬಳಸುವವನನ್ನು ಅದೇ ಕಾಯ್ದೆಯ ವಿವರಣೆ ಗ್ರಾಹಕನೆಂದೇ ಪರಿಗಣಿಸುತ್ತದೆ. ಆದ್ದರಿಂದ ದೂರಿನ ಮೊದಲ ಪುಟದಲ್ಲೇ ಆ ಮಾತನ್ನು ಸ್ಪಷ್ಟವಾಗಿ ಬರೆಯಬೇಕು. ಅಂಗಡಿ ಬೆಂಗಳೂರಿನಲ್ಲಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು; ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ; ಕಾರಣ ಉಂಟಾದಂದಿನಿಂದ 2 ವರ್ಷಗಳ ಅವಕಾಶವಿದೆ. ಅಷ್ಟು ದೂರ ಹೋಗುವ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಆದರೆ ಸುಟ್ಟ ಎಸ್‌ಎಂಪಿಎಸ್ಸನ್ನು, ಬದಲಿಸಿಕೊಡುತ್ತೇವೆಂದು ಕೇಳಿದ ಮಾತ್ರಕ್ಕೆ ಅಂಗಡಿಯವರ ಕೈಗೆ ಕೊಡಬೇಡಿ. ಲಿಖಿತ ರಸೀದಿ ಸಿಗುವವರೆಗೆ ಅದು ಲೇಬಲ್ ಸಮೇತ ನಿಮ್ಮ ಬಳಿಯೇ ಇರಲಿ.