ದೋಣಿಯ ಹಿಂಬದಿಗೆ ಮರೈನ್ ಪ್ಲೈವುಡ್: ಎರಡು ಮಳೆಗಾಲ ಕಳೆದ ಮೇಲೆ

ನಮ್ಮ ಫೈಬರ್ ದೋಣಿಯ ಎಂಜಿನ್ ಕೂರುವ ಹಿಂಬದಿಯ ಬೋಲ್ಟ್ ಬಿಚ್ಚಿದಾಗ ತೂತಿನಿಂದ ಕಂದು ನೀರು ಜಿನುಗಿತು. ಫೈಬರ್ ಪದರವನ್ನು ಕತ್ತರಿಸಿ ತೆಗೆದರೆ ಒಳಗಿನ ಮರ ಚಹಾದಲ್ಲಿ ನೆನೆದ ರಸ್ಕಿನಂತೆ ಬೆರಳಿಗೇ ಕಿತ್ತು ಬಂದಿತು. ಆ ಭಾಗವನ್ನು ನೀರಿನ ಬಳಕೆಗೆಂದೇ ಇರುವ, ಭಾರತೀಯ ಮಾನಕ ಐಎಸ್ 710ರ ಮರೈನ್ ಪ್ಲೈವುಡ್‌ನಿಂದ ಹೊಸದಾಗಿ ಕಟ್ಟಿಸಿ ಎರಡು ಮಳೆಗಾಲ ಕಳೆದಿವೆ.

ಮೊದಲು ಮನಸ್ಸು ಹೋದದ್ದು ಹೆಬ್ಬಲಸಿನ ಕಡೆಗೆ. ಕರಾವಳಿಯ ಮರದ ದೋಣಿಗಳಿಗೆ ಅದು ಒಗ್ಗಿದ ಮರವೇ ಹೌದು. ಆದರೆ ಇಡೀ ಹಲಗೆ ತೇವಕ್ಕೆ ಅಗಲಕ್ಕೆ ಹಿಗ್ಗಿ ಒಣಗಿದಾಗ ಕುಗ್ಗುವುದರಿಂದ, ಸುತ್ತ ಬಿಗಿದ ಫೈಬರಿನೊಂದಿಗಿನ ಹಿಡಿತ ನಿಧಾನವಾಗಿ ಸಡಿಲವಾಗುತ್ತದೆ. ಸಾಗುವಾನಿಯಲ್ಲಿ ಎಣ್ಣೆಯಂಶ ಹೆಚ್ಚು. ಅಸಿಟೋನ್‌ನಿಂದ ಒರೆಸದೆ ಅಂಟಿಸಿದರೆ ಫೈಬರನ್ನು ಹಿಡಿದಿಡುವ ಅಂಟುದ್ರವ, ಅಂದರೆ ರೆಸಿನ್, ಸರಿಯಾಗಿ ಹಿಡಿಯುವುದಿಲ್ಲ. ಅಲ್ಲದೆ ಅಷ್ಟು ಬೆಲೆಯ ಮರವನ್ನು ಯಾರ ಕಣ್ಣಿಗೂ ಬೀಳದಂತೆ ಹೂಳಲು ನನಗೆ ಮನಸ್ಸಾಗಲಿಲ್ಲ. ಪ್ಲೈವುಡ್‌ನ ಪದರಗಳ ನಾರು ಒಂದಕ್ಕೊಂದು ಅಡ್ಡವಾಗಿರುವುದರಿಂದ ಈ ಹಿಗ್ಗುವಿಕೆ ಬಹಳ ಕಡಿಮೆ.

ಮೊದಲ ಅಂಗಡಿಯವರು ಕೊಟ್ಟ ಹಾಳೆಯ ಮೇಲೆ ‘ಮರೈನ್’ ಎಂದಷ್ಟೇ ಅಚ್ಚಾಗಿತ್ತು. ಐಎಸ್‌ಐ ಗುರುತಾಗಲಿ, 710 ಸಂಖ್ಯೆಯಾಗಲಿ ಇರಲಿಲ್ಲ. ಅದರ ತುಂಡೊಂದನ್ನು ಹಳೆಯ ಪಾತ್ರೆಯಲ್ಲಿ ಹಾಕಿ ಕುದಿಸಿದೆ. ಎರಡನೆಯ ದಿನಕ್ಕೆ ಪುಸ್ತಕದ ಹಾಳೆಗಳಂತೆ ಬಿಚ್ಚಿಕೊಂಡಿತು. ಐಎಸ್ 710ರ ಪರೀಕ್ಷೆಯಲ್ಲಿ 72 ಗಂಟೆ ಕುದಿಸಿದರೂ ಅಂಟು ಬಿಡಬಾರದು. ಬೇರೆ ಕಡೆಯಿಂದ ತಂದ, ಗುರುತಿದ್ದ 18 ಮಿಲಿಮೀಟರ್ ಹಾಳೆಯ ತುಂಡು ಅಷ್ಟೇ ಹೊತ್ತು ಕುದಿದರೂ ಅಲುಗಲಿಲ್ಲ. ಅಂಥ ಎರಡು ಹಾಳೆಗಳನ್ನು ಎಪಾಕ್ಸಿ ಎಂಬ ಗಟ್ಟಿ ಅಂಟಿನಿಂದ ಜೋಡಿಸಿ 36 ಮಿಲಿಮೀಟರ್ ದಪ್ಪ ಮಾಡಿಸಿದೆ.

ದೂರು ಇಲ್ಲವೆಂದಲ್ಲ. ಕೊಯ್ದ ಅಂಚಿನಲ್ಲಿ ಎರಡು ಕಡೆ ಒಳಪದರಗಳ ನಡುವೆ ಬೆಂಕಿಕಡ್ಡಿ ತೂರುವಷ್ಟು ಸಂದು ಕಂಡಿತು. ಈ ಬೆಲೆಗೆ ಅದು ಇರಬಾರದಿತ್ತು. ಸಂದುಗಳನ್ನೂ ಅಂಚುಗಳನ್ನೂ ಮರದ ಪುಡಿ ಕಲೆಸಿದ ಎಪಾಕ್ಸಿಯಿಂದ ಮುಚ್ಚಿದೆವು. ಗುರುತು ಅಂಟಿಗೆ ಭರವಸೆ ಕೊಡುತ್ತದೆಯೇ ಹೊರತು ನಾವು ಕೊರೆಯುವ ತೂತಿಗಲ್ಲ. ಹಳೆಯ ಮರ ಕೊಳೆತದ್ದೂ ಆ ತೂತಿನಿಂದಲೇ. ಹಾಗಾಗಿ ಪ್ರತಿ ತೂತನ್ನೂ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಬೋಲ್ಟಿಗೆ ಬೇಕಾದಷ್ಟೇ ಮತ್ತೆ ಕೊರೆಸಿದೆ. ಕಳೆದ ವಾರ ಕೆಳಗಿನ ಬೋಲ್ಟ್ ಬಿಚ್ಚಿ ಹತ್ತಿಯ ಬತ್ತಿ ತೂರಿಸಿ ನೋಡಿದೆ. ಬತ್ತಿ ಒಣಗಿಯೇ ಹೊರಬಂತು.