ಎಕ್ಸೆಲ್‌ನಲ್ಲಿ ಕ್ಲಸ್ಟರ್ಡ್-ಸ್ಟ್ಯಾಕ್ಡ್ ಚಾರ್ಟ್: ಮೆನುವಿನಲ್ಲಿ ಇಲ್ಲ, ಸೆಲ್‌ಗಳಲ್ಲಿ ಇದೆ

ಎಕ್ಸೆಲ್‌ನ ಚಾರ್ಟ್ ಪಟ್ಟಿಯಲ್ಲಿ ಕಂಬಗಳನ್ನು ಅಕ್ಕಪಕ್ಕ ನಿಲ್ಲಿಸುವ ಕ್ಲಸ್ಟರ್ಡ್ ಇದೆ. ಒಂದರ ಮೇಲೊಂದು ಪೇರಿಸುವ ಸ್ಟ್ಯಾಕ್ಡ್ ಇದೆ. ಪೇರಿಸಿದ್ದನ್ನು ಶೇಕಡಾ ನೂರಕ್ಕೆ ಸರಿಹೊಂದಿಸುವ ಮತ್ತೊಂದು ಬಗೆಯೂ ಇದೆ. ಆದರೆ ಪೇರಿಸಿದ ಕಂಬಗಳನ್ನೇ ಜೋಡಿಜೋಡಿಯಾಗಿ ಅಕ್ಕಪಕ್ಕ ನಿಲ್ಲಿಸುವ ಬಗೆ ಇಲ್ಲ. 1985ರಲ್ಲಿ ಮ್ಯಾಕಿಂಟಾಷ್‌ಗೆಂದು ಹೊರಬಂದ ಈ ತಂತ್ರಾಂಶಕ್ಕೆ 2016ರ ಆವೃತ್ತಿಯಲ್ಲಿ ವಾಟರ್‌ಫಾಲ್, ಟ್ರೀಮ್ಯಾಪ್, ಸನ್‌ಬರ್ಸ್ಟ್, ಹಿಸ್ಟೋಗ್ರಾಂ ಎಲ್ಲವೂ ಬಂದು ಸೇರಿದವು; ಇದೊಂದು ಸೇರಲಿಲ್ಲ. ವರದಿಗಳಿಗೆ ಚಾರ್ಟ್ ಸಿದ್ಧಪಡಿಸುವುದೇ ನನ್ನ ಉದ್ಯೋಗ. ಬಂದವರು ಮತ್ತೆಮತ್ತೆ ಕೇಳುವುದು ಇದನ್ನೇ: ಹೋದ ವರ್ಷ ಎಷ್ಟು, ಈ ವರ್ಷ ಎಷ್ಟು, ಅದರೊಳಗೆ ಯಾವುದರ ಪಾಲು ಎಷ್ಟು, ಮೂರೂ ಒಂದೇ ಚಿತ್ರದಲ್ಲಿ ಕಾಣಬೇಕು. ಹಾಗಾಗಿ ಇದು ಎಕ್ಸೆಲ್‌ನ ವಿಮರ್ಶೆಯಾದರೂ ಈ ಒಂದು ಕೆಲಸದ ಮಟ್ಟಿಗೆ ಮಾತ್ರ. ಲಿಬ್ರೆಆಫೀಸ್ ಕ್ಯಾಲ್ಕ್ ಮತ್ತು ಗೂಗಲ್ ಶೀಟ್ಸ್ ಅನ್ನೂ ನಾನು ಇದೇ ಕೆಲಸಕ್ಕೆ ಬಳಸುತ್ತಿರುವುದರಿಂದ ಅವುಗಳ ಮಾತೂ ಬರುತ್ತದೆ.

ಇಂಥ ಚಾರ್ಟ್ ಯಾಕೆ ಬೇಕು ಎಂಬುದಕ್ಕೆ ನಾನು ಹೊಸಬರಿಗೆ ತೋರಿಸುವ ಉದಾಹರಣೆ ಜನಗಣತಿಯದು. ದಕ್ಷಿಣದ ನಾಲ್ಕು ರಾಜ್ಯಗಳು, 2001 ಮತ್ತು 2011, ಗ್ರಾಮೀಣ ಮತ್ತು ನಗರ ಜನಸಂಖ್ಯೆ, ಲಕ್ಷಗಳಲ್ಲಿ. ಎರಡೂ ಗಣತಿಗಳು ತೆಲಂಗಾಣ ಬೇರೆಯಾಗುವ ಮೊದಲಿನವು, ಆದ್ದರಿಂದ ಆಂಧ್ರವನ್ನು ಅವಿಭಜಿತವಾಗಿಯೇ ಹೋಲಿಸಬಹುದು. ಕರ್ನಾಟಕದ್ದು 2001ರಲ್ಲಿ ಗ್ರಾಮೀಣ 348.9, ನಗರ 179.6, 2011ರಲ್ಲಿ 374.7 ಮತ್ತು 236.3. ತಮಿಳುನಾಡಿನದು 349.2 ಮತ್ತು 274.8 ಇದ್ದದ್ದು 372.3 ಮತ್ತು 349.2 ಆಯಿತು. ಆಂಧ್ರದ್ದು 554.0 ಮತ್ತು 208.1ರಿಂದ 563.6 ಮತ್ತು 282.2ಕ್ಕೆ ಹೋಯಿತು. ಇನ್ನು ಕೇರಳ: 235.7 ಮತ್ತು 82.7 ಇದ್ದದ್ದು 174.7 ಮತ್ತು 159.3.

ಬರಿಯ ಕ್ಲಸ್ಟರ್ಡ್ ಚಾರ್ಟ್‌ನಲ್ಲಿ ಒಟ್ಟು ಜನಸಂಖ್ಯೆಯನ್ನಷ್ಟೇ ಇಟ್ಟರೆ ಕೇರಳದ ಎರಡು ಕಂಬಗಳು ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ನಿಲ್ಲುತ್ತವೆ, 318.4 ಮತ್ತು 334.1. ನೋಡಿದವರು ಅಲ್ಲಿ ಹತ್ತು ವರ್ಷಗಳಲ್ಲಿ ಏನೂ ಆಗಲಿಲ್ಲವೆಂದೇ ತಿಳಿಯುತ್ತಾರೆ. ಅದೇ ಕಂಬಗಳನ್ನು ಒಳಗೆ ಎರಡು ಬಣ್ಣವಾಗಿ ಸೀಳಿ ಜೋಡಿಯಾಗಿ ನಿಲ್ಲಿಸಿದರೆ ಗ್ರಾಮೀಣ ಭಾಗ 61 ಲಕ್ಷದಷ್ಟು ಕುಸಿದು ನಗರ ಭಾಗ ಇಮ್ಮಡಿಯ ಹತ್ತಿರಕ್ಕೆ ಉಬ್ಬಿರುವುದು ಒಂದೇ ನೋಟಕ್ಕೆ ಕಾಣುತ್ತದೆ. ಪಕ್ಕದಲ್ಲೇ ಕರ್ನಾಟಕದ ಜೋಡಿ: ಗ್ರಾಮೀಣ ಭಾಗ ಸುಮಾರು 26 ಲಕ್ಷ ಏರಿದ್ದರೆ ನಗರ ಭಾಗ ಸುಮಾರು 57 ಲಕ್ಷ ಏರಿದೆ. ಕೇರಳದಲ್ಲಿ ಅಷ್ಟೂ ಜನ ಹಳ್ಳಿ ಬಿಟ್ಟು ಪೇಟೆಗೆ ಹೋದರೆಂದು ಇದರ ಅರ್ಥವಲ್ಲ. ಅಲ್ಲಿ ಗಣತಿ ಪಟ್ಟಣಗಳೆಂದು (ಆಡಳಿತದಲ್ಲಿ ಹಳ್ಳಿಯಾಗಿದ್ದರೂ ಗಣತಿಯ ಲೆಕ್ಕದಲ್ಲಿ ನಗರವೆನಿಸುವ ಊರುಗಳೆಂದು) ಗುರುತಿಸಿದವುಗಳ ಸಂಖ್ಯೆಯೇ 99ರಿಂದ 461ಕ್ಕೆ ಏರಿತು. ಜನ ಇದ್ದಲ್ಲೇ ಇದ್ದು ಊರಿನ ವರ್ಗ ಬದಲಾಯಿತು. ಇಂಥ ವಿವರಣೆಯನ್ನು ಚಾರ್ಟ್ ಕೊಡುವುದಿಲ್ಲ, ಆದರೆ ವಿವರಣೆ ಕೇಳುವಂತೆ ಮಾಡುತ್ತದೆ. ನನ್ನ ಮಟ್ಟಿಗೆ ಒಳ್ಳೆಯ ಚಾರ್ಟ್‌ನ ಲಕ್ಷಣ ಅದೇ.

ಈಗ ಮಾಡುವ ಬಗೆ. ಮೆನುವಿನಲ್ಲಿ ಎಷ್ಟು ಹುಡುಕಿದರೂ ಫಲವಿಲ್ಲ, ಏಕೆಂದರೆ ಈ ಚಾರ್ಟ್ ಹುಟ್ಟುವುದು ದತ್ತಾಂಶವನ್ನು ಜೋಡಿಸುವ ಕ್ರಮದಲ್ಲಿ. ಮೊದಲ ಕಾಲಂನಲ್ಲಿ ರಾಜ್ಯ, ಎರಡನೆಯದರಲ್ಲಿ ವರ್ಷ, ಮೂರನೆಯದರಲ್ಲಿ ಗ್ರಾಮೀಣ, ನಾಲ್ಕನೆಯದರಲ್ಲಿ ನಗರ. ರಾಜ್ಯದ ಹೆಸರನ್ನು ಅದರ ಮೊದಲ ಸಾಲಿನಲ್ಲಿ ಮಾತ್ರ ಬರೆದು ಕೆಳಗಿನ ಸೆಲ್ ಖಾಲಿ ಬಿಡಬೇಕು. ಒಂದು ರಾಜ್ಯ ಮುಗಿದ ಮೇಲೆ ಒಂದು ಖಾಲಿ ಸಾಲು. ಪಟ್ಟಿ ಹೀಗೆ ಕಾಣುತ್ತದೆ:

ಕರ್ನಾಟಕ | 2001 | 348.9 | 179.6
— | 2011 | 374.7 | 236.3
— | — | — | —
ಕೇರಳ | 2001 | 235.7 | 82.7
— | 2011 | 174.7 | 159.3

ಗೆರೆ ಎಳೆದ ಕಡೆ ಸೆಲ್ ನಿಜವಾಗಿಯೂ ಖಾಲಿ ಇರಬೇಕು; ಒಂದು ವಿನಾಯಿತಿ ಮುಂದೆ ಬರುತ್ತದೆ. ಇದಿಷ್ಟನ್ನೂ ಆಯ್ದು ಸಾಮಾನ್ಯ ಸ್ಟ್ಯಾಕ್ಡ್ ಕಾಲಂ ಚಾರ್ಟ್ ಸೇರಿಸಿದರೆ ಅಡ್ಡ ಅಕ್ಷದಲ್ಲಿ ವರ್ಷಗಳು ಒಂದು ಸಾಲಾಗಿ, ಅವುಗಳ ಕೆಳಗೆ ರಾಜ್ಯಗಳ ಹೆಸರು ಇನ್ನೊಂದು ಸಾಲಾಗಿ ಬರುತ್ತವೆ. ಎಕ್ಸೆಲ್ ಇದನ್ನು ಮಲ್ಟಿ-ಲೆವೆಲ್ ಕೆಟಗರಿ ಲೇಬಲ್ ಎನ್ನುತ್ತದೆ. ಇಷ್ಟು ಚೆನ್ನಾಗಿರುವ ಸೌಲಭ್ಯವನ್ನು ಹೊಸಬರು ಕಾಣುವುದು ಅಕ್ಷದ ಸೆಟ್ಟಿಂಗ್‌ನ ಯಾವುದೋ ಮೂಲೆಯ ಟಿಕ್ ಗುರುತಾಗಿ ಮಾತ್ರ ಎಂಬುದು ನನಗೆ ಬೇಸರದ ವಿಷಯ.

ಇಲ್ಲಿ ಎರಡು ಕಡೆ ಕೈ ತಡೆಯುತ್ತದೆ. ಮೊದಲನೆಯದು ವರ್ಷ. 2001 ಎಂಬುದು ಎಕ್ಸೆಲ್‌ನ ಕಣ್ಣಿಗೆ ಒಂದು ಸಂಖ್ಯೆ. ಅದನ್ನು ಲೇಬಲ್ ಎಂದು ತಿಳಿಯದೆ ಮೂರನೆಯ ದತ್ತಾಂಶ ಸರಣಿಯೆಂದು (ಒಂದೇ ಬಣ್ಣದಲ್ಲಿ ಮೂಡಬೇಕಾದ ಅಂಕಿಗಳ ಕಾಲಂ ಎಂದು) ತೆಗೆದುಕೊಂಡು ಎರಡು ಸಾವಿರದ ಎತ್ತರಕ್ಕೆ ಒಂದು ಕಂಬವನ್ನು ಏರಿಸಿಬಿಡಬಹುದು. ವರ್ಷದ ಅಂಕಿಗಿಂತ ಮೊದಲು ಒಂದು ಅಪಾಸ್ಟ್ರಫಿ (') ಹಾಕಿ ಅದನ್ನು ಪಠ್ಯವಾಗಿಸಿದರೆ ತೊಂದರೆ ಹೋಗುತ್ತದೆ. ರಾಜ್ಯ ಮತ್ತು ವರ್ಷದ ಕಾಲಂಗಳಿಗೆ ಶೀರ್ಷಿಕೆ ಕೊಡದೆ ಮೇಲಿನ ಎರಡು ಸೆಲ್ ಖಾಲಿ ಬಿಡುವುದೂ ಸಹಾಯಕ. ಎರಡನೆಯದು ಖಾಲಿ ಸಾಲು. ಅದರ ಮೊದಲ ಸೆಲ್ ಪೂರ್ತಿ ಖಾಲಿ ಇದ್ದರೆ ಆ ಜಾಗವನ್ನೂ ಎಕ್ಸೆಲ್ ಹಿಂದಿನ ರಾಜ್ಯಕ್ಕೇ ಸೇರಿಸುತ್ತದೆ. ಆಗ ‘ಕರ್ನಾಟಕ’ ಎಂಬ ಹೆಸರು ಎರಡು ಕಂಬಗಳ ನಡುವೆ ನಿಲ್ಲದೆ ಅರ್ಧ ಹೆಜ್ಜೆ ಬಲಕ್ಕೆ ಸರಿದು ನಿಲ್ಲುತ್ತದೆ. ಖಾಲಿ ಸಾಲಿನ ಮೊದಲ ಸೆಲ್‌ನಲ್ಲಿ ಒಂದೇ ಒಂದು ಸ್ಪೇಸ್ ಒತ್ತಿದರೆ ಸಾಕು, ಅದು ಹೆಸರಿಲ್ಲದ ಬೇರೆ ಗುಂಪಾಗಿ ಹೆಸರುಗಳು ತಮ್ಮ ಜಾಗಕ್ಕೆ ಬರುತ್ತವೆ. ನೋಡುವವರು ಇದನ್ನು ಗಮನಿಸುವುದಿಲ್ಲ ಎನ್ನುವವರಿದ್ದಾರೆ. ಗಮನಿಸುತ್ತಾರೆ; ಏನು ಸರಿಯಿಲ್ಲ ಎಂದು ಹೇಳಲು ಬಾರದಿದ್ದರೂ ಚಾರ್ಟ್ ಓರೆಯಾಗಿದೆ ಎಂದು ಅವರಿಗೆ ಅನ್ನಿಸುತ್ತದೆ.

ಇಷ್ಟಾದ ಮೇಲೂ ಕಂಬಗಳು ಒಂದಕ್ಕೊಂದು ದೂರ ನಿಂತಿರುತ್ತವೆ, ಏಕೆಂದರೆ ಸ್ಟ್ಯಾಕ್ಡ್ ಚಾರ್ಟ್‌ಗೆ ಎಕ್ಸೆಲ್ ತಾನಾಗಿ ಕೊಡುವ ಗ್ಯಾಪ್ ವಿಡ್ತ್ ಶೇಕಡಾ 150, ಅಂದರೆ ಕಂಬದ ಅಗಲದ ಒಂದೂವರೆ ಪಟ್ಟು ಅಂತರ. ಯಾವುದಾದರೂ ಕಂಬದ ಮೇಲೆ ಬಲ ಕ್ಲಿಕ್ ಮಾಡಿ ಫಾರ್ಮ್ಯಾಟ್ ಡೇಟಾ ಸೀರೀಸ್‌ಗೆ ಹೋಗಿ ಅದನ್ನು ಐದಕ್ಕೋ ಹತ್ತಕ್ಕೋ ಇಳಿಸಿದರೆ 2001 ಮತ್ತು 2011 ಅಂಟಿಕೊಂಡು ಜೋಡಿಯಾಗುತ್ತವೆ. ಖಾಲಿ ಸಾಲು ಇರುವಲ್ಲಿ ಮಾತ್ರ ಅಂತರ ಉಳಿಯುತ್ತದೆ. ಸೀರೀಸ್ ಓವರ್‌ಲ್ಯಾಪ್ ಅನ್ನು ನೂರರಿಂದ ಕದಲಿಸಬಾರದು, ಕದಲಿಸಿದರೆ ಪೇರಿಸಿದ ಭಾಗಗಳು ಮೆಟ್ಟಿಲಿನಂತೆ ಪಕ್ಕಕ್ಕೆ ಜಾರುತ್ತವೆ.

ಇದೇ ಚಾರ್ಟ್‌ಗೆ ಸೆಕೆಂಡರಿ ಆ್ಯಕ್ಸಿಸ್, ಅಂದರೆ ಎತ್ತರ ಅಳೆಯುವ ಎರಡನೆಯ ಅಕ್ಷ, ಬಳಸುವ ಇನ್ನೊಂದು ದಾರಿಯನ್ನು ಬಹಳ ಮಂದಿ ಹೇಳಿಕೊಡುತ್ತಾರೆ. 2001ರ ಸರಣಿಗಳು ಒಂದು ಅಕ್ಷಕ್ಕೆ, 2011ರವು ಇನ್ನೊಂದಕ್ಕೆ, ಅವು ಒಂದರ ಮೇಲೊಂದು ಬೀಳದಂತೆ ನಡುವೆ ಜಾಗ ಹಿಡಿಯಲೆಂದೇ ಇಟ್ಟ ಸುಳ್ಳು ಸರಣಿಗಳು. ನಾನು ಇದನ್ನು ಬಳಸುವುದಿಲ್ಲ, ಯಾರಿಗೂ ಸೂಚಿಸುವುದಿಲ್ಲ. ಕಾರಣ, ಎರಡು ಅಕ್ಷಗಳ ಅಳತೆಯನ್ನು ಎಕ್ಸೆಲ್ ಬೇರೆಬೇರೆಯಾಗಿ ನಿರ್ಧರಿಸುತ್ತದೆ. ಮೇಲಿನ ಅಂಕಿಗಳಲ್ಲಿ ಕರ್ನಾಟಕ ಮತ್ತು ಕೇರಳವನ್ನಷ್ಟೇ ಇಟ್ಟಿದ್ದೀರಿ, 2001ರ ಅಕ್ಷ 600ಕ್ಕೆ ನಿಂತಿದೆ, 2011ರದು 700ಕ್ಕೆ ನಿಂತಿದೆ ಎಂದುಕೊಳ್ಳಿ. 2001ರ ಕರ್ನಾಟಕದ 528.5 ಚಾರ್ಟ್‌ನ ಎತ್ತರದ ಶೇಕಡಾ 88ರಷ್ಟಾಗುತ್ತದೆ. 2011ರ 611 ಶೇಕಡಾ 87ರಷ್ಟು ಮಾತ್ರ. 82 ಲಕ್ಷ ಜನ ಹೆಚ್ಚಾಗಿದ್ದಾರೆ, ಕಂಬ ಕುಳ್ಳಾಗಿದೆ! ಎರಡನೆಯ ಅಕ್ಷವನ್ನು ಅಳಿಸಿಹಾಕಿದರೆ ಎಲ್ಲ ಸರಣಿಗಳೂ ಮೊದಲ ಅಕ್ಷದ ಅಳತೆಗೇ ಬರುತ್ತವೆ ಎಂಬುದು ನಿಜ. ಆದರೆ ಫೈಲ್ ಕೈಯಿಂದ ಕೈಗೆ ಹೋಗುವ ಕಚೇರಿಗಳಲ್ಲಿ ಆ ಅಕ್ಷವನ್ನು ಮುಂದೆ ಯಾರಾದರೂ ಮತ್ತೆ ಸೇರಿಸುವುದಿಲ್ಲ ಎಂಬ ಭರವಸೆ ಎಲ್ಲಿದೆ? ತಪ್ಪು ಕಣ್ಣಿಗೆ ಬೀಳುವಂತಿದ್ದರೆ ಯಾರಾದರೂ ತಿದ್ದುತ್ತಾರೆ. ಅಂದವಾಗಿ ಕಾಣುವ ತಪ್ಪು ಮುದ್ರಣದವರೆಗೂ ಹೋಗುತ್ತದೆ.

ಬಣ್ಣದ ವಿಷಯದಲ್ಲಿ ಖಾಲಿ ಸಾಲಿನ ವಿಧಾನಕ್ಕೆ ಒಂದು ಮಿತಿಯಿದೆ. ಸರಣಿಗಳು ಎರಡೇ ಆದ್ದರಿಂದ ಎರಡೂ ವರ್ಷಗಳಿಗೆ ಅವೇ ಎರಡು ಬಣ್ಣ. ಹಳೆಯ ವರ್ಷ ತಿಳಿಯಾಗಿ, ಹೊಸ ವರ್ಷ ಗಾಢವಾಗಿ ಕಾಣಬೇಕೆಂದರೆ ನಾಲ್ಕು ಕಾಲಂ ಮಾಡಿಕೊಳ್ಳಬೇಕು: 2001 ಗ್ರಾಮೀಣ, 2001 ನಗರ, 2011 ಗ್ರಾಮೀಣ, 2011 ನಗರ. 2001ರ ಸಾಲಿನಲ್ಲಿ ಮೊದಲ ಎರಡನ್ನು ತುಂಬಿ, 2011ರ ಸಾಲಿನಲ್ಲಿ ಕೊನೆಯ ಎರಡನ್ನು ತುಂಬಿ, ಉಳಿದವನ್ನು ಖಾಲಿ ಬಿಡಬೇಕು. ಅಲ್ಲಿ ಸೂತ್ರವಿದ್ದು ಸೊನ್ನೆ ಬರುತ್ತಿದ್ದರೆ ಕಂಬದ ಮೇಲೆಲ್ಲ ಸೊನ್ನೆಯ ಲೇಬಲ್‌ಗಳು ಅಂಟಿಕೊಳ್ಳುತ್ತವೆ; ಲೇಬಲ್‌ನ ನಂಬರ್ ಫಾರ್ಮ್ಯಾಟ್ ಅನ್ನು 0.0;;; ಎಂದು ಬರೆದರೆ ಅವು ಮಾಯವಾಗುತ್ತವೆ.

ಯಾವ ಭಾಗ ಕೆಳಗಿರಬೇಕು ಎಂಬುದನ್ನು ಬಹುತೇಕರು ಯೋಚಿಸುವುದೇ ಇಲ್ಲ. 1984ರಲ್ಲಿ ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ ಎಂಬ ಸಂಖ್ಯಾಶಾಸ್ತ್ರಜ್ಞರು ತೋರಿಸಿದ ಸಂಗತಿಯೆಂದರೆ, ಒಂದೇ ನೆಲೆಯಿಂದ ಎದ್ದ ಎತ್ತರಗಳನ್ನು ನಮ್ಮ ಕಣ್ಣು ಹೆಚ್ಚು ಸರಿಯಾಗಿ ಅಳೆಯುತ್ತದೆ. ಬೇರೆಬೇರೆ ನೆಲೆಯಲ್ಲಿ ತೇಲುವ ಉದ್ದಗಳನ್ನು ಹೋಲಿಸುವಾಗ ಹೆಚ್ಚು ಎಡವುತ್ತದೆ. ಪೇರಿಸಿದ ಕಂಬದಲ್ಲಿ ಒಂದೇ ನೆಲೆಯ ಮೇಲೆ ನಿಲ್ಲುವುದು ತಳದ ಭಾಗ ಮಾತ್ರ. ನಗರ ಬೆಳೆದ ಕಥೆ ಹೇಳಬೇಕಿದ್ದರೆ ನಗರವನ್ನು ತಳದಲ್ಲಿಡಿ, ಹಳ್ಳಿ ಕರಗಿದ ಕಥೆಯಾದರೆ ಹಳ್ಳಿಯನ್ನು. ಸೆಲೆಕ್ಟ್ ಡೇಟಾದಲ್ಲಿ ಸರಣಿಯ ಕ್ರಮ ಬದಲಿಸಿದರೆ ಆಯಿತು, ಅರ್ಧ ನಿಮಿಷವೂ ಬೇಡ. ಇಡೀ ಚಾರ್ಟ್‌ನಲ್ಲಿ ಇದಕ್ಕಿಂತ ಮುಖ್ಯವಾದ ನಿರ್ಧಾರ ಇಲ್ಲವೆಂದೇ ನನ್ನ ಅಭಿಪ್ರಾಯ.

ಕಂಬದ ತುದಿಯಲ್ಲಿ ಒಟ್ಟು ಮೊತ್ತ ಬರೆಯುವುದಕ್ಕೂ ಎಕ್ಸೆಲ್‌ನಲ್ಲಿ ನೇರ ದಾರಿಯಿಲ್ಲ. ಒಟ್ಟು ಮೊತ್ತವನ್ನು ಇನ್ನೊಂದು ಸರಣಿಯಾಗಿ ಸೇರಿಸಿ, ಅದರ ಬಗೆಯನ್ನು ಲೈನ್‌ಗೆ ಬದಲಿಸಿ, ಗೆರೆಯನ್ನು ಅಡಗಿಸಿ, ಲೇಬಲ್ ಅನ್ನು ಮೇಲಕ್ಕೆ ಇಡಬೇಕು. ಗೂಗಲ್ ಶೀಟ್ಸ್ ಇಲ್ಲಿ ಮುಂದಿದೆ: ಸ್ಟ್ಯಾಕ್ಡ್ ಚಾರ್ಟ್‌ಗೆ ಒಟ್ಟು ಮೊತ್ತದ ಲೇಬಲ್ ಅದರ ಸೆಟ್ಟಿಂಗ್‌ನಲ್ಲೇ ಇದೆ. ಅಲ್ಲಿ ಮಾಡುವಾಗ ನಾನು ರಾಜ್ಯ ಮತ್ತು ವರ್ಷವನ್ನು ಒಂದೇ ಸೆಲ್‌ಗೆ ಸೇರಿಸಿ ‘ಕೇರಳ 2011’ ಎಂದು ಲೇಬಲ್ ಮಾಡಿಕೊಳ್ಳುತ್ತೇನೆ; ಅಂದ ಸ್ವಲ್ಪ ಕಡಿಮೆ, ಕೆಲಸ ನಡೆಯುತ್ತದೆ. ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಎರಡು ಹಂತದ ಲೇಬಲ್ ಬರುತ್ತದೆ, ಅಂತರವನ್ನೂ ಓವರ್‌ಲ್ಯಾಪ್ ಅನ್ನೂ ಸರಣಿಯ ಆಪ್ಷನ್ಸ್‌ನಲ್ಲಿ ಬದಲಿಸಬಹುದು, ಒಟ್ಟು ಮೊತ್ತಕ್ಕೆ ಕಾಲಂ-ಲೈನ್ ಜಂಟಿ ಬಗೆಯನ್ನು ಆರಿಸಿಕೊಳ್ಳಬಹುದು. ಹಣ ಕೊಡದೆ ಸಿಗುವ ತಂತ್ರಾಂಶ ಇಷ್ಟನ್ನೂ ಮಾಡುತ್ತದೆ ಎಂಬುದನ್ನು ನಮ್ಮ ಶಾಲಾ ಕಾಲೇಜುಗಳಿಗೆ ಒತ್ತಿ ಹೇಳಬೇಕು.

ಕನ್ನಡದಲ್ಲಿ ಚಾರ್ಟ್ ಮಾಡುವವರಿಗೆ ಬೇರೆಯೇ ಒಂದು ಮಾತು. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿದ ಲೇಬಲ್‌ಗಳು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗುತ್ತವೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ವಿಂಡೋಸ್ 8ರ ನಂತರದ ಯಂತ್ರಗಳಲ್ಲಿ ನಿರ್ಮಲಾ ಯುಐ ಎಂಬ ಯೂನಿಕೋಡ್ ಫಾಂಟ್ ಇರುತ್ತದೆ, ಚಾರ್ಟ್‌ನಲ್ಲಿ ಅದು ಸ್ಪಷ್ಟವಾಗಿ ಮೂಡುತ್ತದೆ. ಹೆಸರುಗಳು ಉದ್ದವಾದಾಗ ಎಕ್ಸೆಲ್ ಅವನ್ನು ಓರೆಯಾಗಿ ತಿರುಗಿಸುತ್ತದೆ. ಒತ್ತಕ್ಷರ ತುಂಬಿದ ‘ಚಿಕ್ಕಬಳ್ಳಾಪುರ’ದಂಥ ಹೆಸರನ್ನು ಓರೆಯಾಗಿ ಓದುವುದು ಕಣ್ಣಿಗೆ ಶಿಕ್ಷೆ. ಜಿಲ್ಲಾವಾರು ಚಾರ್ಟ್‌ಗಳಿಗೆ ನಾನು ನಿಂತ ಕಂಬಗಳನ್ನು ಬಿಟ್ಟು ಮಲಗಿದ ಪಟ್ಟಿಗಳನ್ನೇ ಆರಿಸುತ್ತೇನೆ. ಅಲ್ಲಿ ಕ್ರಮ ಕೆಳಗಿನಿಂದ ಮೇಲಕ್ಕೆ ಬರುವುದರಿಂದ ಅಕ್ಷದ ಸೆಟ್ಟಿಂಗ್‌ನಲ್ಲಿ ಕ್ಯಾಟಗರೀಸ್ ಇನ್ ರಿವರ್ಸ್ ಆರ್ಡರ್ ಅನ್ನು ಟಿಕ್ ಮಾಡಿಕೊಳ್ಳಬೇಕು.

ಈ ಚಾರ್ಟ್ ಎಲ್ಲದಕ್ಕೂ ಒಗ್ಗುವುದಿಲ್ಲ. ಪೇರಿಸುವ ಭಾಗಗಳು ಮೂರನ್ನು ದಾಟಿ, ಗುಂಪಿನೊಳಗಿನ ಕಂಬಗಳೂ ಮೂರನ್ನು ದಾಟಿದರೆ ನೋಡುವವರ ಕಣ್ಣು ಲೆಜೆಂಡ್‌ಗೂ (ಬಣ್ಣಗಳ ಅರ್ಥ ಹೇಳುವ ಪಟ್ಟಿಗೂ) ಕಂಬಕ್ಕೂ ನಡುವೆ ಅಲೆದು ಸೋಲುತ್ತದೆ. ಅಂಥ ಕಡೆ ಒಂದೇ ಅಳತೆಯ ಸಣ್ಣ ಚಾರ್ಟ್‌ಗಳನ್ನು ಸಾಲಾಗಿ ಇಡುವುದು ಮೇಲು. ಕೇಳಿದವರು ಎಷ್ಟೇ ಒತ್ತಾಯಿಸಿದರೂ ಈ ಒಂದು ವಿಷಯದಲ್ಲಿ ನಾನು ಬಗ್ಗುವುದಿಲ್ಲ.

ಈ ಕೆಲಸದ ಮಟ್ಟಿಗೆ ಎಕ್ಸೆಲ್‌ಗೆ ಐದರಲ್ಲಿ ಮೂರೂವರೆ ಅಂಕ. ಬಗೆಯೇ ಇಲ್ಲದ್ದಕ್ಕೆ ಒಂದು, ಒಟ್ಟು ಮೊತ್ತದ ಸುತ್ತುದಾರಿಗೆ ಅರ್ಧ ಕಳೆದಿದ್ದೇನೆ. ಉಳಿದದ್ದು ಪೂರ್ತಿ ಕೊಟ್ಟದ್ದಕ್ಕೆ ಕಾರಣ, ಒಮ್ಮೆ ಪಟ್ಟಿಯನ್ನು ಸರಿಯಾಗಿ ಜೋಡಿಸಿದರೆ ಚಾರ್ಟ್ ಕೈಕೊಡುವುದಿಲ್ಲ. ಮುಂದಿನ ವರ್ಷದ ಅಂಕಿಗಳನ್ನು ಅದೇ ಸೆಲ್‌ಗಳಿಗೆ ತುಂಬಿದರೆ ಚಿತ್ರ ತಾನಾಗಿ ಬದಲಾಗುತ್ತದೆ. ಮೆಚ್ಚಿದ ರೂಪವನ್ನು ಬಲ ಕ್ಲಿಕ್‌ನಲ್ಲಿ ಸೇವ್ ಆ್ಯಸ್ ಟೆಂಪ್ಲೇಟ್ ಎಂದು ಉಳಿಸಿಕೊಂಡರೆ ಮುಂದಿನ ವರದಿಗೂ ಒದಗುತ್ತದೆ. ಒಂದೇ ಕ್ಲಿಕ್‌ನಲ್ಲಿ ಬೇಕೇಬೇಕು ಎನ್ನುವವರಿಗೆ ಪೆಲ್ಟಿಯರ್ ಟೆಕ್‌ನಂಥ, ಹಣ ಕೊಟ್ಟು ಕೊಂಡು ಎಕ್ಸೆಲ್‌ಗೆ ಜೋಡಿಸಿಕೊಳ್ಳುವ ಆ್ಯಡ್-ಇನ್‌ಗಳಿವೆ. ದಿನವೂ ಹತ್ತಾರು ಚಾರ್ಟ್ ಮಾಡುವವರಿಗೆ ಅದು ಸರಿ. ತಿಂಗಳಿಗೆ ಒಂದೆರಡು ಮಾಡುವವರು ಅದಕ್ಕೂ, ಹೊಸ ಆವೃತ್ತಿಯ ಚಂದಾಕ್ಕೂ ಹಣ ಹಾಕಬೇಕಾಗಿಲ್ಲ. ಖಾಲಿ ಸಾಲಿನ ವಿಧಾನ ಕಚೇರಿಯ ಹಳೆಯ ಕಂಪ್ಯೂಟರಿನಲ್ಲಿರುವ ಎಕ್ಸೆಲ್ 2010ರಲ್ಲೂ ಹೀಗೆಯೇ ನಡೆಯುತ್ತದೆ.